ಬೀಗ ಹಾಕಿದ ಮನೆಯ ಯಜಮಾನಿ

ಮನೆಗಣತಿಯ ಆದೇಶ ಬಂದ ದಿನ ಶಿವಾಜಿನಗರದ ಆ ಸರ್ಕಾರಿ ಶಾಲೆಯ ಸ್ಟಾಫ್ ರೂಮಿನಲ್ಲಿ ಸೂತಕದ ಕಳೆ. ಬೇಸಿಗೆ ರಜೆಗೆ ಎಳ್ಳುನೀರು ಬಿಟ್ಟ ಹಾಗಾಯಿತಲ್ಲ ಎಂದು ಒಬ್ಬರು ಗೊಣಗಿದರೆ, ನನ್ನ ಮಂಡಿಗೆ ಮೆಟ್ಟಿಲು ಆಗಿಬರುವುದಿಲ್ಲ ಎಂದು ಇನ್ನೊಬ್ಬರು ಅಲ್ಲೇ ಕುಂಟಿ ತೋರಿಸಿದರು. ವಿಮಲಾಕ್ಷಿ ಟೀಚರ್ ಒಬ್ಬಳೇ ಅವತ್ತು ಸಂಜೆ ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿ ಒಂದು ಜೊತೆ ಮೆತ್ತನೆಯ ಚಪ್ಪಲಿ, ಒಂದು ಛತ್ರಿ ಕೊಂಡುತಂದಳು.

ಇದು ದೇಶಸೇವೆಯ ಹುಮ್ಮಸ್ಸು ಎಂದು ತಿಳಿದರೆ ತಪ್ಪಾದೀತು. ಅವಳದು ಶುದ್ಧ ಸ್ವಾರ್ಥ, ಅದೂ ಚಿಕ್ಕದು. ಈ ಸಲದ ಗಣತಿಯಲ್ಲಿ ತನ್ನ ಮನೆಗೆ ತಾನೇ ಯಜಮಾನಿ ಎಂದು ಬರೆಸಿಕೊಳ್ಳಬೇಕು, ಅಷ್ಟೇ. ದೇಶವನ್ನು ಎಣಿಸುವವರು ಮನೆ ಬಾಗಿಲಿಗೆ ಬಂದು ‘ಯಜಮಾನರ ಹೆಸರೇನು?’ ಎಂದು ಕೇಳುತ್ತಾರಲ್ಲ, ಆ ಜಾಗದಲ್ಲಿ ಅವಳ ಹೆಸರು ಒಮ್ಮೆಯೂ ಬಂದಿರಲಿಲ್ಲ.

ಹುಟ್ಟಿದ್ದು ಬ್ಯಾಡಗಿಯಲ್ಲಿ. ಮೆಣಸಿನಕಾಯಿ ಘಾಟಿಗೆ ಸೀನುತ್ತಲೇ ಅಕ್ಷರ ಕಲಿತವಳು. ಮೊದಲ ಗಣತಿ ಕಂಡಾಗ ಅಪ್ಪನ ಮನೆಯಲ್ಲಿ ಕಟ್ಟಕಡೆಯ ಹೆಸರು. ಮುಂದಿನದಕ್ಕೆ ಹಾವೇರಿಯ ಹಾಸ್ಟೆಲಿನಲ್ಲಿದ್ದಳು. ಅಲ್ಲಿಯ ವಾರ್ಡನ್ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಊಟದ ತಟ್ಟೆ ಎಣಿಸಿದ ಹಾಗೆ ಎಣಿಸಿ ಲೆಕ್ಕ ಒಪ್ಪಿಸಿದ್ದರು. ಅದರ ಮುಂದಿನದಕ್ಕೆ ಅಣ್ಣ ಪಂಚಾಕ್ಷರಯ್ಯನ ಮನೆ, ‘ತಂಗಿ’ ಎಂಬ ಸಾಲು. ಬೆಂಗಳೂರಿಗೆ ವರ್ಗವಾಗಿ ಬಂದು ಕೆ.ಆರ್. ಪುರದಲ್ಲಿ ಸಂಬಂಧಿಕರ ನಡುಮನೆಯಲ್ಲಿ ಹಾಸಿಗೆ ಸುತ್ತಿಟ್ಟುಕೊಂಡಿದ್ದಾಗ ಮತ್ತೊಂದು ಗಣತಿ ಬಂತು. ‘ಇವರನ್ನ ಊರಲ್ಲಿ ಬರೆಸಿರ್ತಾರೆ ಬಿಡಿ’ ಎಂದರು ಆ ಮನೆಯವರು. ಊರಲ್ಲಿ ಬರೆಸಿಯೂ ಇದ್ದರು.

ಮದುವೆಯ ಮಾತು ಬಂದದ್ದುಂಟು, ಹೋದದ್ದುಂಟು. ಒಬ್ಬನಿಗೆ ಇವಳ ಎತ್ತರ ಹೆಚ್ಚಾಯಿತು, ಇನ್ನೊಬ್ಬನಿಗೆ ಇವಳ ಮಾತು ಹೆಚ್ಚಾಯಿತು, ಮತ್ತೊಬ್ಬ ಇವಳಿಗೇ ಕಡಿಮೆ ಎನಿಸಿದ. ಆಮೇಲೆ ಯಾರೂ ಕೇಳಲಿಲ್ಲ, ಅವಳೂ ಹುಡುಕಲಿಲ್ಲ.

ಈಗ ಐವತ್ತು ದಾಟಿದೆ. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಿಂದ ಒಳಕ್ಕೆ ತಿರುಗಿದರೆ ಆದಿಲಕ್ಷ್ಮಮ್ಮನ ಮನೆ. ಅದರ ಮಹಡಿಯ ಬಾಡಿಗೆ ಮನೆ ವಿಮಲಾಕ್ಷಿಯದು. ಒಂದು ಹಾಲು, ಒಂದು ರೂಮು, ಎರಡು ಹೆಜ್ಜೆಗೆ ಮುಗಿಯುವ ಅಡುಗೆಮನೆ, ಬಾಲ್ಕನಿಯಲ್ಲಿ ಒಂದು ಮಲ್ಲಿಗೆ ಬಳ್ಳಿ. ಬೆಳಿಗ್ಗೆ ತನಗೆ ಬೇಕಾದಷ್ಟು ಕಡಕ್ಕಾದ ಚಹಾ. ಯಾರನ್ನೂ ಕೇಳದೆ ಫ್ಯಾನು ಹಾಕುವ, ಯಾರನ್ನೂ ಕೇಳದೆ ಆರಿಸುವ ಸುಖ ಎಂಥದು ಎಂಬುದನ್ನು ಕೂಡುಕುಟುಂಬದಲ್ಲಿ ಬೆಳೆದವರನ್ನೇ ಕೇಳಬೇಕು. ಅವಳು ಸುಖವಾಗಿದ್ದಳು. ಹೇಳಿದರೆ ಯಾರೂ ನಂಬುತ್ತಿರಲಿಲ್ಲ, ತೊಂದರೆ ಇದ್ದದ್ದು ಅದೊಂದೇ.

ಆದಿಲಕ್ಷ್ಮಮ್ಮನಂತೂ ನಂಬುವ ಪೈಕಿಯೇ ಅಲ್ಲ. ತಿಪ್ಪಸಂದ್ರ ಹಳ್ಳಿಯಾಗಿದ್ದ ಕಾಲದ ಮನೆತನ ಅವರದು. ಹಿಂದೆ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ಬಾಡಿಗೆ ಬೆಳೆಯುತ್ತಾರೆ. ಒಂಟಿ ಹೆಂಗಸು ಎಂದು ಅವರಿಗೆ ಈಕೆಯ ಮೇಲೆ ವಿಪರೀತ ಕನಿಕರ.

‘ಟೀಚರಮ್ಮ, ನಿಮ್ಮನ್ನ ನಮ್ ಮನೆ ಲೆಕ್ಕದಲ್ಲೇ ಬರೆಸ್ಬಿಡ್ತೀನಿ. ಒಬ್ರೇ ಅಂತ ಬರೆಸೋದು ಚೆನ್ನಾಗಿರಲ್ಲ. ವಾರದಲ್ಲಿ ಅರ್ಧ ದಿನ ನಮ್ಮನೆ ಸಾರೇ ತಾನೆ ನಿಮಗೆ?’

‘ಸಾರು ನಿಮ್ದು, ಒಲೆ ನಂದು ಆದಿಲಕ್ಷ್ಮಮ್ಮ. ಒಲೆ ಬೇರೆ ಅಂದ್ರೆ ಸಂಸಾರ ಬೇರೆ. ಟ್ರೈನಿಂಗಲ್ಲಿ ಅದನ್ನೇ ಹೇಳಿಕೊಟ್ಟಿದ್ದಾರೆ.’

‘ಅಯ್ಯೋ, ಒಬ್ರದ್ದೊಂದು ಸಂಸಾರಾನಾ?’ ಎಂದು ಆದಿಲಕ್ಷ್ಮಮ್ಮ ಕೈಯಾಡಿಸಿ ಒಳಗೆ ಹೋದರು.

ಅದೇ ವಾರ ಬ್ಯಾಡಗಿಯಿಂದ ಅಣ್ಣನ ಫೋನು. ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯಲ್ಲಿ ಗುಮಾಸ್ತನಾಗಿ ತಲೆ ಹಣ್ಣು ಮಾಡಿಕೊಂಡವನು ಪಂಚಾಕ್ಷರಯ್ಯ. ಅಪ್ಪ ಹೋದ ಮೇಲೆ ತಂಗಿಗೆ ಅಪ್ಪನ ಜಾಗದಲ್ಲಿ ನಿಂತವನು.

‘ಗಣತಿಯವ್ರು ಬಂದಿದ್ರವಾ. ಐದು ಮಂದಿ ಅಂತ ಬರಸೀನಿ.’

‘ಐದು ಯಾರ್ಯಾರಣ್ಣಾ? ನೀ, ವೈನಿ, ಮಗ ಸಂಜು, ಅವನ ಹೆಂಡ್ತಿ. ನಾಕ ಆತಲ್ಲ?’

‘ಮತ್ತ ನೀ?’

ವಿಮಲಾಕ್ಷಿ ಬಿಟ್ಟುಕೊಡಲಿಲ್ಲ. ‘ನಾ ಇಲ್ಲಿ ಇರಾಕಿ ಅಣ್ಣಾ. ನನ್ನ ಇಲ್ಲೇ ಬರಕೋತಾರ. ನೀ ಅವ್ರಿಗೆ ಹೇಳಿ ನಾಕ ಅಂತ ತಿದ್ದಸು.’

‘ಮನಿ ಲೆಕ್ಕದಾಗಿಂದ ನಿನ್ನ ತಗಸು ಅಂತೀ? ನಮ್ಮದು ಇರೂದ ಸಣ್ಣ ಊರು. ಅದರಾಗ ಒಂದು ತಲಿ ನಾನಽ ಕಡಿಮಿ ಮಾಡಲೇನು? ಅಪ್ಪ ಇದ್ದಿದ್ರ ಏನ್ ಅಂತಿದ್ದ?’

‘ಒಬ್ಬಾಕೀನ್ನ ಎರಡು ಊರಾಗ ಬರಸಬ್ಯಾಡ ಅಂತಿದ್ದ.’

ಪಂಚಾಕ್ಷರಯ್ಯ ಫೋನಿಟ್ಟ. ‘ಊಟ ಆತಾ?’ ಎಂದು ಕೇಳದೆ ಈ ಜನ್ಮದಲ್ಲಿ ಫೋನಿಡದ ಮನುಷ್ಯ, ಕೇಳದೆಯೇ ಇಟ್ಟ. ತಂಗಿಯನ್ನು ಲೆಕ್ಕಕ್ಕೆ ಸೇರಿಸುವುದು ಅವನ ಪಾಲಿಗೆ ಪ್ರೀತಿ. ಬಿಡುವುದೆಂದರೆ ಮನೆಯಿಂದ ಹೊರಗೆ ಹಾಕಿದ ಹಾಗೆ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಆಡಿದ ಮಾತಾದ್ದರಿಂದ ಆ ದಿನ ಅನ್ನ ರುಚಿಸಲಿಲ್ಲ.

ಕೆಲಸ ಮಾತ್ರ ಚೆನ್ನಾಗಿ ನಡೆಯಿತು. ಅವಳ ಬ್ಲಾಕು ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಗಳು. ಒಂದು ಬಾಗಿಲು ತಟ್ಟಿದರೆ ನಾಲ್ಕು ಕುಟುಂಬ ಹೊರಬರುವ ಮನೆಗಳು. ನೆಲ ಸಿಮೆಂಟಾ, ಟೈಲ್ಸಾ? ನೀರು ನಲ್ಲಿಯದಾ, ಟ್ಯಾಂಕರಿನದಾ? ಎಷ್ಟು ರೂಮು, ಎಷ್ಟು ದಂಪತಿಗಳು, ಹೆಚ್ಚು ತಿನ್ನುವ ಧಾನ್ಯ ಯಾವುದು? ಜನ ಕನ್ನಡ, ತಮಿಳು, ಉರ್ದು ಎಲ್ಲವನ್ನೂ ಬೆರೆಸಿ ಉತ್ತರ ಕೊಡುತ್ತಿದ್ದರು. ಉತ್ತರದ ಜೊತೆಗೆ ಚಹಾ ಬರುತ್ತಿತ್ತು, ಚಹಾದ ಜೊತೆಗೆ ಮಗಳ ಮದುವೆಯ ಚಿಂತೆ ಬರುತ್ತಿತ್ತು. ಎಲ್ಲ ಕೇಳಿ, ಫೋನಿನ ಆ್ಯಪಿನಲ್ಲಿ ತುಂಬಿ, ಬಾಗಿಲ ಪಕ್ಕ ಮಾರ್ಕರಿನಿಂದ ಗಣತಿ ನಂಬರು ಬರೆದು ಮುಂದಿನ ಮನೆಗೆ ಹೋಗುವಾಗ, ಯಾರದೋ ಮದುವೆಯಲ್ಲಿ ಓಡಾಡಿದಷ್ಟು ಖುಷಿ ಅವಳಿಗೆ.

ಬ್ಲಾಕಿನಲ್ಲಿ ಒಂದೇ ಒಂದು ಮನೆ ಕೈಕೊಡುತ್ತಿತ್ತು. ನೀಲಿ ಬಾಗಿಲಿನ ಮನೆ. ಬೆಳಿಗ್ಗೆ ಹೋದರೂ ಬೀಗ, ಮಧ್ಯಾಹ್ನ ಹೋದರೂ ಬೀಗ, ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋದರೂ ಬೀಗ.

ಇತ್ತ ಅವಳ ಸ್ವಂತ ಮನೆಯ ಕತೆಯೂ ಅದೇ. ದಿನಾ ಸಂಜೆ ಸುಸ್ತಾಗಿ ಮೆಟ್ಟಿಲು ಹತ್ತುವಾಗ ಆದಿಲಕ್ಷ್ಮಮ್ಮ ವರದಿ ಒಪ್ಪಿಸುತ್ತಿದ್ದರು. ‘ಗಣತಿ ಟೀಚರ್ ಬಂದಿದ್ರು. ನಿಮ್ ಬೀಗ ನೋಡ್ಕೊಂಡು ಹೋದ್ರು. ನಾನೇ ಹೇಳ್ತೀನಿ, ನಮ್ ಜೊತೇಲೇ ಬರ್ಕೊಳ್ಳಿ ಅಂದ್ರೆ ಒಪ್ಲಿಲ್ಲ. ಭಾರೀ ಸ್ಟ್ರಿಕ್ಟು ಆಯಮ್ಮ. ನಿಮ್ ನಂಬರ್ ಇಸ್ಕೊಂಡು ಹೋದ್ರು.’

ಫೋನಿನಲ್ಲಿ ಗೊತ್ತಿಲ್ಲದ ನಂಬರಿನ ಕರೆಗಳು ಬಂದು ಸತ್ತಿದ್ದವು. ಸಾಲ ಬೇಕಾ ಎಂದು ಕೇಳುವವರಿರಬೇಕೆಂದು ಅವಳು ಎತ್ತಿರಲಿಲ್ಲ; ಮನೆಗೆ ಬಂದು ತಿರುಗಿ ಮಾಡಿದರೆ ಆ ಕಡೆಯವರು ಎತ್ತಲಿಲ್ಲ. ಮನೆಯವರು ತಾವೇ ಫೋನಿನಲ್ಲಿ ತುಂಬಿಕೊಳ್ಳುವ ದಾರಿಯೂ ಮೊದಲು ಇತ್ತು. ಅವಳಿಗೆ ಅದು ಬೇಡವಾಗಿತ್ತು. ತಾನೇ ಪ್ರಶ್ನೆ ಕೇಳಿ ತಾನೇ ಉತ್ತರ ಬರೆಯುವುದು ಅವಳ ಪ್ರಕಾರ ಕಾಪಿ ಹೊಡೆದ ಹಾಗೆ. ಯಾರಾದರೂ ಬರಬೇಕು, ಕುರ್ಚಿಯಲ್ಲಿ ಕೂರಬೇಕು, ಕೇಳಬೇಕು, ತಾನು ಹೇಳಬೇಕು. ಊರಿನ ಮನೆಗಳನ್ನೆಲ್ಲ ಬರೆದವಳ ಮನೆಯೇ ಉಳಿದುಹೋಗಿತ್ತು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ಕೊನೆಯ ವಾರ ಮೇಲ್ವಿಚಾರಕ ಬೈಲಪ್ಪ ಗದರಿದರು. ‘ಭಾನುವಾರ ಲಾಸ್ಟ್ ಮೇಡಂ. ಅಷ್ಟರಲ್ಲಿ ಸಿಗದೆ ಇದ್ರೆ ಬೀಗ ಹಾಕಿದ ಮನೆ ಅಂತ ಮಾಡಿ ಕಳಿಸ್ಬಿಡಿ. ಎಲ್ಲಾ ಬ್ಲಾಕ್‌ಗೂ ಅದೇ ರೂಲು.’

ಎಲ್ಲ ಬ್ಲಾಕು ಎಂದರೆ ತಿಪ್ಪಸಂದ್ರವೂ ಸೇರಿತು. ಯಜಮಾನಿ ಆಗಬೇಕೆಂದು ಕಾದವಳು ಕೊನೆಗೆ ಒಂದು ಬೀಗವಾಗಿ ಲೆಕ್ಕ ಸೇರುತ್ತಾಳೆ! ಮೊದಲು ಈ ನೀಲಿ ಬಾಗಿಲನ್ನು ಮುಗಿಸಿ ತನ್ನ ಮನೆ ನೋಡಿಕೊಳ್ಳೋಣ ಎಂದು ಪಕ್ಕದ ಮನೆಯಲ್ಲಿ ವಿಚಾರಿಸಿದಳು. ನೀಲಿ ಬಾಗಿಲ ಮನೆಯ ನಜೀರ್ ಎಂಬವರದು ಮಾರುಕಟ್ಟೆಯಲ್ಲೇ ಹಣ್ಣಿನ ಅಂಗಡಿ ಎಂದು ಗೊತ್ತಾಯಿತು. ಹೋದಳು. ನಜೀರ್ ಮಲ್ಗೋವಾ ಹಣ್ಣುಗಳನ್ನು ಒರೆಸಿ ಒರೆಸಿ ಗೋಪುರ ಕಟ್ಟುತ್ತಿದ್ದರು.

‘ಮನೆ ಲೆಕ್ಕ ಎಲ್ಲಾ ನಮ್ಮ ಹೆಂಗಸರ ಹತ್ರ ಮೇಡಂ. ನಂಗೆ ಮಾವಿನಹಣ್ಣಿನ ಲೆಕ್ಕ ಕೇಳಿ, ಹೇಳ್ತೀನಿ. ಕಮರುನ್ನೀಸಾ ಅಂತ, ಅವಳೂ ನಿಮ್ ಥರಾನೇ ಟೀಚರ್, ಉರ್ದು ಸ್ಕೂಲು. ಅವಳಿಗೂ ಇದೇ ಗಣತಿ ಡ್ಯೂಟಿ. ಬೆಳಿಗ್ಗೆ ಹೋದ್ರೆ ರಾತ್ರೀನೇ ಬರೋದು.’

‘ಎಲ್ಲಿ ಹಾಕಿದ್ದಾರೆ ಅವರಿಗೆ?’

‘ಸ್ಕೂಲು ಇರೋ ಕಡೆ, ತಿಪ್ಪಸಂದ್ರ. ಅಲ್ಲಿ ಯಾವುದೋ ಒಂದು ಮಹಡಿ ಮನೆ ಅಂತೆ ಮೇಡಂ, ಯಾವಾಗ ನೋಡಿದ್ರೂ ಬೀಗ! ದಿನಾ ಬಂದು ಬೈತಾಳೆ. ಯಾರೋ ಟೀಚರಮ್ಮ ಅಂತೆ, ಊರು ಸುತ್ತೋದೇ ಕೆಲಸ ಅಂತೆ. ತೋಬಾ!’

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು. ಇವಳು ಅವರ ಬಾಗಿಲು ಕಾಯುವ ಹೊತ್ತಿಗೆ ಅವರು ಇವಳ ಬಾಗಿಲು ಕಾಯುತ್ತಿದ್ದರು.

‘ಆ ಊರು ಸುತ್ತೋ ಟೀಚರಮ್ಮ ನಾನೇ ರೀ’ ಎಂದಳು ವಿಮಲಾಕ್ಷಿ.

ನಜೀರ್ ನಾಲಗೆ ಕಚ್ಚಿಕೊಂಡರು. ಆಮೇಲೆ ನಗು ತಡೆಯಲಾರದೆ ಒಂದು ಹಣ್ಣು ಅವಳ ಕೈಗಿಟ್ಟು, ಹೆಂಡತಿಗೆ ತಾವೇ ಫೋನು ಹಚ್ಚಿಕೊಟ್ಟರು.

‘ಅರೆ ಟೀಚರ್, ನೀವೇನಾ ಅದು!’ ಎಂದರು ಕಮರುನ್ನೀಸಾ. ‘ಭಾನುವಾರ ಬೆಳಿಗ್ಗೆ ನಾನು ಮನೇಲೇ ಇರ್ತೀನಿ, ಬನ್ನಿ.’

‘ನಾನೂ ಇರ್ತೀನಿ ಟೀಚರ್, ನೀವೂ ಬನ್ನಿ.’

ಇಬ್ಬರೂ ಸಂತೋಷದಿಂದ ಫೋನಿಟ್ಟರು. ಇಷ್ಟು ಮನೆಗಳನ್ನು ತಪ್ಪಿಲ್ಲದೆ ಎಣಿಸಿದ ಇಬ್ಬರು ಟೀಚರುಗಳಿಗೆ, ಒಬ್ಬರು ಕೂತರೆ ಮಾತ್ರ ಇನ್ನೊಬ್ಬರು ಬರಬಹುದು ಎಂಬ ಒಂದನೇ ತರಗತಿಯ ಲೆಕ್ಕ ಹೊಳೆಯಲಿಲ್ಲ.

ಭಾನುವಾರ ವಿಮಲಾಕ್ಷಿ ಬೇಗ ಎದ್ದು ಮನೆ ಒರೆಸಿದಳು, ಕುರ್ಚಿಗೆ ಒಗೆದ ಬಟ್ಟೆ ಹಾಸಿದಳು. ಅವರು ಹೊರಡುವ ಮೊದಲೇ ಹೋಗಿ ಅವರ ಮನೆ ಬರೆದು, ಜೊತೆಯಲ್ಲೇ ಕರೆದುಕೊಂಡು ಬಂದರಾಯಿತು ಎಂದು ಲೆಕ್ಕ ಹಾಕಿ ಬಸ್ಸು ಹತ್ತಿದಳು. ಕಮರುನ್ನೀಸಾ ಕೂಡ ಅದೇ ಲೆಕ್ಕ ಹಾಕಿ, ಅದೇ ಹೊತ್ತಿಗೆ ಆ ಕಡೆಯಿಂದ ಬಸ್ಸು ಹತ್ತಿದ್ದರು. ಹಲಸೂರಿನ ಹತ್ತಿರ ಎಲ್ಲೋ ಎರಡು ಬಸ್ಸುಗಳೂ ಒಂದರ ಪಕ್ಕ ಒಂದು ಹಾದುಹೋಗಿರಬೇಕು.

ನೀಲಿ ಬಾಗಿಲಿಗೆ ಬೀಗ. ವಿಮಲಾಕ್ಷಿ ಹಣೆ ಚಚ್ಚಿಕೊಂಡು ಫೋನು ಮಾಡಿದಳು.

‘ನಾನು ನಿಮ್ಮ ಮನೇಲೇ ಇದೀನಿ ಟೀಚರ್!’ ಎಂದು ಕಮರುನ್ನೀಸಾ ನಕ್ಕರು. ‘ನಿಮ್ಮ ಅಣ್ಣಾವ್ರು ಊರಿಂದ ಬಂದಿದ್ದಾರೆ. ಕೆಳಗಿನ ಅಮ್ಮ ಕೀ ಕೊಟ್ರು. ಯಜಮಾನ್ರು ಇದ್ದಾರಲ್ಲ, ನಾನು ಬರ್ಕೊಂಡ್ಬಿಡ್ತೀನಿ. ನೀವು ನಿಧಾನ ಬನ್ನಿ.’

‘ಟೀಚರ್, ನಿಲ್ಲಿ, ಬರ್ಕೋಬೇಡಿ, ನಾನು...’ ಎನ್ನುವಷ್ಟರಲ್ಲಿ ಫೋನು ಸತ್ತಿತು. ಬ್ಯಾಟರಿಯನ್ನೆಲ್ಲ ಆ್ಯಪು ಮೊದಲೇ ಕುಡಿದು ಮುಗಿಸಿತ್ತು.

ಸಿಕ್ಕಿದ ಆಟೋ ಹತ್ತಿ ಕೂತಳು. ಹೇಳದೆ ಕೇಳದೆ ರಾತ್ರಿ ಬಸ್ಸು ಹತ್ತಿ ಬಂದಿದ್ದಾನೆ ಎಂದರೆ ಜಗಳಕ್ಕೇ ಬಂದಿರಬೇಕು. ‘ಈಕಿ ನಮ್ಮ ಮನಿಯಾಕಿ, ಬ್ಯಾಡಗಿಯೊಳಗ ಬರಸೀನಿ’ ಎಂದರೆ ಮುಗಿಯಿತು. ಅಥವಾ ಗಂಡಸು ಬಾಗಿಲು ತೆಗೆದ ಎಂದು ಅವನ ಹೆಸರನ್ನೇ ಮೇಲೆ ಬರೆದರೋ? ಆ ಟೀಚರನ್ನು ಬೈಯುವ ಹಾಗೂ ಇಲ್ಲ. ಗಲ್ಲಿಯಲ್ಲಿ ಗಂಡಸು ಬಾಗಿಲು ತೆಗೆದಾಗಲೆಲ್ಲ ತಾನೂ ‘ಯಜಮಾನರು ನೀವೇ ತಾನೆ?’ ಎಂದೇ ಕೇಳಿದವಳು. ಇಂದಿರಾನಗರದ ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಇಳಿದು ಓಡಿಬಿಡಲೇ ಎನಿಸಿತು.

ಮನೆ ತಲುಪಿ ಮೆಟ್ಟಿಲು ಹತ್ತುವಾಗ ಒಳಗಿನ ಮಾತು ಕೇಳಿಸಿತು. ಆದಿಲಕ್ಷ್ಮಮ್ಮನ ದನಿ ಮುಂದಿತ್ತು. ‘ನಮ್ ಜೊತೇಲೇ ಬರ್ಕೊಳ್ಳಿ ಅಂತ ನಾನು ಆವತ್ತಿಂದ ಬಡ್ಕೋತಿದೀನಿ.’

‘ಇಲ್ಲರೀ ಯವ್ವಾ, ಒಲಿ ಬ್ಯಾರೆ ಐತಿ. ನೋಡ್ರಿಲ್ಲೆ, ಈಗ ಅದರ ಮ್ಯಾಲೇ ಚಹಾ ಮಾಡಿ ಕುಡದೇವಿ’ ಎಂದ ಪಂಚಾಕ್ಷರಯ್ಯ.

ವಿಮಲಾಕ್ಷಿ ಬಾಗಿಲ ಹೊರಗೆ ನಿಂತುಬಿಟ್ಟಳು.

‘ಹಾಗಾದ್ರೆ ಯಜಮಾನ್ರು ಅಂತ ನಿಮ್ಮ ಹೆಸರು ಬರೀಲಾ ಅಣ್ಣಾ?’ ಎಂದು ಕಮರುನ್ನೀಸಾ ಕೇಳಿದರು.

‘ಛೇ, ನಂದ್ಯಾಕ್ರೀ? ನಾ ಇವತ್ತ ಬಂದು ನಾಳೆ ಹೋಗಾಂವ. ಇದು ನಮ್ಮ ತಂಗಿ ಮನಿ. ಯಜಮಾನಿ ಆಕೀನ. ವಿಮಲಾಕ್ಷಿ ಅಂತ ಬರೀರಿ.’

‘ಮನೇಲಿ ಒಟ್ಟು ಎಷ್ಟು ಜನ?’

ಪಂಚಾಕ್ಷರಯ್ಯ ಚಹಾದ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. ಕೆಳಗೆ ರಸ್ತೆಯಲ್ಲಿ ಸೊಪ್ಪು ಮಾರುವವನ ಕೂಗು ದೂರವಾಯಿತು.

‘ಒಬ್ಬಾಕಿ’ ಎಂದ ಕೊನೆಗೆ. ದನಿ ಒದ್ದೆಯಾಗಿತ್ತು. ‘ಒಬ್ಬಾಕೀನ ಬರೀರಿ. ಆದ್ರ ಟೀಚರ, ಆಕಿ ಆರಾಮ ಅದಾಳ ಅಂತ ಬರಿಯಾಕ ಎಲ್ಲರೆ ಜಾಗಾ ಐತೇನ್ರೀ? ಈ ಮನಿ ನೋಡಿದ ಮ್ಯಾಲೆ ನನಗ ಗೊತ್ತಾತು. ಬಳ್ಳಿಗೆ ಎಷ್ಟ್ ಚಂದ ನೀರ ಹಾಕ್ಯಾಳ ನೋಡ್ರಿ. ಬರೇ ಒಂದು ಅಂತ ಬರದ್ರ ನೋಡಾವ್ರಿಗೆ ಇದು ಗೊತ್ತಾಗೂದಿಲ್ಲ.’

‘ಇಲ್ಲ ಅಣ್ಣಾ’ ಎಂದರು ಕಮರುನ್ನೀಸಾ ಮೆಲ್ಲಗೆ. ‘ಅದಕ್ಕೆ ಜಾಗ ಕೊಟ್ಟಿಲ್ಲ.’

ವಿಮಲಾಕ್ಷಿ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಬಂದಳು. ಅಣ್ಣ ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ಎದ್ದು ನಿಂತ. ಹೊಸದಾಗಿ ಪರಿಚಯವಾದವರಂತೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

‘ಯಜಮಾನಿ ಬಂದ್ರಲ್ಲ, ಇನ್ನು ನೀವೇ ಹೇಳಿ’ ಎಂದು ಕಮರುನ್ನೀಸಾ ಫೋನು ಸರಿಮಾಡಿಕೊಂಡರು. ಒಗೆದ ಬಟ್ಟೆ ಹಾಸಿದ ಕುರ್ಚಿಯಲ್ಲೇ ಕೂತಿದ್ದರು. ಮೊದಲಿಂದ ಮತ್ತೆ ಕೇಳಿದರು. ವಿಮಲಾಕ್ಷಿ ನೆಟ್ಟಗೆ ಕೂತು ಹೆಸರು ಹೇಳಿದಳು, ಒಬ್ಬಳೇ ಎಂದಳು. ನೆಲ, ಗೋಡೆ, ನಲ್ಲಿ, ಗ್ಯಾಸು ಎಲ್ಲ ಸಲೀಸಾಗಿ ಸಾಗಿ, ಹೆಚ್ಚು ತಿನ್ನುವ ಧಾನ್ಯದ ಹತ್ತಿರ ಗಾಡಿ ನಿಂತಿತು.

‘ಜ್ವಾಳ!’ ಎಂದ ಅಣ್ಣ.

‘ಎಲ್ಲೀ ಜೋಳ? ನಮ್ಮನೆ ರಾಗಿಮುದ್ದೆ ತಿಂದೇ ಟೀಚರಮ್ಮ ಈ ಥರ ಇರೋದು’ ಎಂದರು ಆದಿಲಕ್ಷ್ಮಮ್ಮ.

‘ಅಕ್ಕಿ ಅಂತ ಬರ್ಕೊಳ್ಳಿ ಟೀಚರ್, ನಿಜ ಹೇಳ್ಬೇಕಲ್ಲ’ ಎಂದು ವಿಮಲಾಕ್ಷಿ ಇಬ್ಬರನ್ನೂ ಸೋಲಿಸಿದಳು. ಅಣ್ಣನ ಮುಖ ಸಪ್ಪಗಾಯಿತು. ಚೀಲಕ್ಕೆ ಕೈಹಾಕಿ ಒಂದು ದೊಡ್ಡ ಗಂಟು ತೆಗೆದು ಮುಂದಿಟ್ಟ. ಖಡಕ್ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿ.

‘ಫೋನಿಟ್ಟ ಮರುದಿನಾನ ಹೋಗಿ ನಾಕ ಅಂತ ತಿದ್ದಿಸಿ ಬಂದೆ. ಮನಿಗೆ ಬಂದು ನಿಮ್ಮ ವೈನಿಗೆ ಹೇಳಿದೆ, ಇನ್ನ ನಾವು ನಾಕ ಮಂದಿ ಅಂತ. ಆಕಿ, ಅದು ಸರ್ಕಾರದ ಲೆಕ್ಕ, ನನ್ನ ಹಂಚಿಗೆ ಹೇಳಬ್ಯಾಡ್ರಿ ಅಂದ್ಲು. ಈಗೂ ಐದು ಮಂದಿದಽ ರೊಟ್ಟಿ ಬಡೀತಾಳ. ಇದು ನಿನ್ನ ಪಾಲಿಂದು, ಕಟ್ಟಿ ಕಳಿಸ್ಯಾಳ.’

ವಿಮಲಾಕ್ಷಿ ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡಳು. ಅದರ ಸದ್ದಿನಲ್ಲಿ ಅಳು ಯಾರಿಗೂ ಕೇಳಿಸಲಿಲ್ಲ ಎಂದು ಅವಳು ತಿಳಿದಳು. ಎಲ್ಲರಿಗೂ ಕೇಳಿಸಿತ್ತು. ಕಮರುನ್ನೀಸಾ ಎದ್ದು ಹೋಗಿ ಬಾಗಿಲ ಪಕ್ಕ ನಂಬರು ಬರೆಯತೊಡಗಿದರು. ಎಷ್ಟೋ ಗೋಡೆಗಳ ಮೇಲೆ ತಾನೇ ಬರೆದಿದ್ದ ಅಂಥದೇ ನಂಬರು ತನ್ನ ಗೋಡೆಯ ಮೇಲೆ ಮೂಡುವುದನ್ನು ಅವಳು ಕೂತಲ್ಲಿಂದಲೇ ನೋಡಿದಳು.

‘ಏಳಿ ಟೀಚರ್, ಇನ್ನು ನಮ್ಮನೆ’ ಎಂದರು ಕಮರುನ್ನೀಸಾ. ‘ಈಗ ಇಬ್ರೂ ಒಂದೇ ಬಸ್ಸಲ್ಲಿ ಹೋಗೋಣ. ಇಲ್ಲಾಂದ್ರೆ ಈ ಜನ್ಮದಲ್ಲಿ ಅದು ಮುಗಿಯಲ್ಲ.’

ವಿಮಲಾಕ್ಷಿ ಛತ್ರಿ ತೆಗೆದುಕೊಂಡು, ಅಭ್ಯಾಸಬಲದಿಂದ ಬಾಗಿಲೆಳೆದು ಬೀಗಕ್ಕೆ ಕೈ ಚಾಚಿದಳು. ಒಳಗಿಂದ ಅಣ್ಣ ಬಾಗಿಲು ಹಿಡಿದುಕೊಂಡ.

‘ಬೀಗ ಯಾಕ? ನಾ ಇರ್ತೀನಲ್ಲ. ಊಟ ಆತಾ ನಿಂದು?’

‘ಇಲ್ಲಣ್ಣಾ.’

‘ಲಗೂನ ಬಾ ಹಂಗಾರ. ಅನ್ನ ಮಾಡಿಡ್ತೀನಿ, ಬಂದು ಕೂಡೇ ಉಣ್ಣೂಣು’ ಎಂದು ಪಂಚಾಕ್ಷರಯ್ಯ, ತಂಗಿಯ ಅಡುಗೆಮನೆಯಲ್ಲಿ ಅಕ್ಕಿಯ ಡಬ್ಬಿ ಎಲ್ಲಿದೆ ಎಂದು ಕೇಳಿಕೊಂಡು ಒಳಗೆ ಹೋದ.